‘ಕ್ವೈದಾನ್’: ಮರಳಿ ಬಂದ 22 ನಿಮಿಷ

ಮಸಾಕಿ ಕೊಬಾಯಾಶಿ ನಿರ್ದೇಶಿಸಿದ 1964ರ ಜಪಾನಿ ಚಿತ್ರ ‘ಕ್ವೈದಾನ್’ ಅನ್ನು ನಾನು ಎರಡು ಬಾರಿ ಕೊಂಡಿದ್ದೇನೆ. ಮೊದಲನೆಯದು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2000ರಲ್ಲಿ ಹೊರತಂದ ಡಿವಿಡಿ, ಎರಡನೆಯದು ಅದೇ ಸಂಸ್ಥೆಯ 2015ರ ಬ್ಲೂ-ರೇ. ಒಂದೇ ಚಿತ್ರಕ್ಕೆ ಎರಡು ಸಲ ದುಡ್ಡು ಸುರಿದವನನ್ನು ಮನೆಯವರು ಯಾವ ಕಣ್ಣಿನಿಂದ ನೋಡುತ್ತಾರೆಂಬುದನ್ನು ವಿವರಿಸಬೇಕಿಲ್ಲ. ಆದರೆ ಇವೆರಡೂ ಒಂದೇ ಚಿತ್ರವಲ್ಲ ಎಂಬುದು ನನ್ನ ವಾದ. ಮೊದಲನೆಯದರ ಅವಧಿ 161 ನಿಮಿಷ. ಎರಡನೆಯದು ನಿರ್ದೇಶಕ ಮೂಲದಲ್ಲಿ ಜೋಡಿಸಿದ 183 ನಿಮಿಷಗಳ ರೂಪ.

ಈ ಚಿತ್ರದಲ್ಲಿರುವುದು ಪರಸ್ಪರ ಸಂಬಂಧವಿಲ್ಲದ ನಾಲ್ಕು ದೆವ್ವದ ಕಥೆಗಳು. ಅಮೆರಿಕದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾದಾಗ ಹಿಮಕನ್ಯೆಯ ಕಥೆಯನ್ನೇ ಪೂರ್ತಿಯಾಗಿ ಕಿತ್ತುಹಾಕಿ, ಉಳಿದ ಮೂರನ್ನು ಎರಡು ಗಂಟೆಗಳ ಆಸುಪಾಸಿನಲ್ಲಿ ತೋರಿಸಿದ್ದರು. ಅಂಥ ಕತ್ತರಿಯನ್ನು ಯಾರಾದರೂ ಗುರುತಿಸಬಹುದು. 161 ನಿಮಿಷಗಳ ಪ್ರತಿಯ ಕತ್ತರಿ ಹಾಗಲ್ಲ. ಅದರಲ್ಲಿ ನಾಲ್ಕೂ ಕಥೆಗಳಿವೆ, ಎಲ್ಲಿಯೂ ಎಳೆ ತಪ್ಪುವುದಿಲ್ಲ. ಆದ್ದರಿಂದ ಏನೋ ಕಳೆದುಹೋಗಿದೆ ಎಂಬ ಅನುಮಾನವೇ ನನಗೆ ವರ್ಷಗಟ್ಟಲೆ ಬರಲಿಲ್ಲ. ಚಿತ್ರ ಚೆನ್ನಾಗಿದೆ, ಆದರೆ ಹೆದರಿಕೆಯೇ ಆಗುವುದಿಲ್ಲವಲ್ಲ ಎಂದು ಸ್ನೇಹಿತರೊಡನೆ ಹೇಳಿಕೊಂಡು ಓಡಾಡುತ್ತಿದ್ದೆ.

‘ಕೈದಾನ್’ (‘ಕ್ವೈದಾನ್’ ಇದರದೇ ಹಳೆಯ ರೂಪ) ಎಂಬ ಜಪಾನಿ ಪದದಲ್ಲಿ ‘ಕೈ’ ಎಂದರೆ ವಿಚಿತ್ರ, ‘ದಾನ್’ ಎಂದರೆ ಮಾತು ಅಥವಾ ಹೇಳಿಕೆ. ಅಂದರೆ ಇದು ಮೂಲತಃ ಬಾಯಿಂದ ಹೇಳುವ ಕಥೆ. ಚಿತ್ರಕ್ಕೆ ಆಧಾರವಾದ ಕಥೆಗಳನ್ನು ಬರೆದ ಲಾಫ್ಕಾಡಿಯೊ ಹರ್ನ್, ಗ್ರೀಕ್ ತಾಯಿಗೂ ಐರಿಷ್ ತಂದೆಗೂ 1850ರಲ್ಲಿ ಹುಟ್ಟಿ, 1890ರಲ್ಲಿ ಜಪಾನಿಗೆ ಬಂದು, ಕೊಇಜುಮಿ ಯಾಕುಮೊ ಎಂಬ ಹೆಸರಿನಿಂದ ಅಲ್ಲಿಯವನೇ ಆಗಿಹೋದವನು. ಅವನ ಹೆಂಡತಿ ಸೆತ್ಸು ರಾತ್ರಿ ದೀಪ ತಗ್ಗಿಸಿಕೊಂಡು ಅವನಿಗೆ ಕಥೆ ಹೇಳುತ್ತಿದ್ದಳು. ಪುಸ್ತಕ ನೋಡಿ ಓದಬೇಡ, ನಿನ್ನ ಮಾತಿನಲ್ಲೇ ಹೇಳು ಎಂಬುದು ಅವನ ಹಟವಾಗಿತ್ತು. (1904ರ ‘ಕ್ವೈದಾನ್’ ಪುಸ್ತಕದಿಂದ ಚಿತ್ರಕ್ಕೆ ಬಂದದ್ದು ಎರಡೇ ಕಥೆ, ಉಳಿದೆರಡು ಅವನ ಬೇರೆ ಪುಸ್ತಕಗಳವು.) ಹೀಗೆ ದೀಪ ಸಣ್ಣದು ಮಾಡಿ ಹೇಳುವ ಕಥೆಯಲ್ಲಿ ಮಾತಿನಷ್ಟೇ ಕೆಲಸವನ್ನು ಮಾತು ನಿಲ್ಲುವ ಜಾಗಗಳೂ ಮಾಡುತ್ತವೆ. ನಡುವಿನ ಸುಮ್ಮನಿರುವಿಕೆಯನ್ನು ಕತ್ತರಿಸಿದರೆ ಕಥೆ ಉಳಿಯುತ್ತದೆ, ದೆವ್ವ ಹೋಗುತ್ತದೆ.

ಬ್ಲೂ-ರೇಯಲ್ಲಿ ಮೊದಲ ಕಥೆ ‘ಕಪ್ಪು ಕೂದಲು’ ನೋಡುವಾಗ ಇದು ನನಗೆ ಮನವರಿಕೆಯಾಯಿತು. ಬಡತನಕ್ಕೆ ಬೇಸತ್ತು ಹೆಂಡತಿಯನ್ನು ತೊರೆದು, ಸಿರಿವಂತರ ಮನೆಯ ಮಗಳನ್ನು ಮದುವೆಯಾದ ಸಮುರಾಯ್ ವರ್ಷಗಳ ನಂತರ ಮರಳಿ ಬರುತ್ತಾನೆ. ಹಳೆಯ ಹೆಂಡತಿ ಮನೆಯಲ್ಲಿ ಹಾಗೆಯೇ ಇದ್ದಾಳೆ. ಒಂದು ಆಕ್ಷೇಪದ ಮಾತೂ ಆಡದೆ ಅವನನ್ನು ಬರಮಾಡಿಕೊಳ್ಳುತ್ತಾಳೆ. ಬೆಳಗಾದಾಗ ಪಕ್ಕದಲ್ಲಿರುವುದು ಅಸ್ಥಿ ಮತ್ತು ಕೂದಲು. ಅವನು ಹುಳು ಹಿಡಿದ ಹಲಗೆಗಳ ಮೇಲೆ ಎಡವುತ್ತ ಓಡುತ್ತಾನೆ. ಆದರೆ ಕಾಲು ಹಲಗೆಯೊಳಗೆ ಹೂತಾಗ ಸದ್ದೇ ಬರುವುದಿಲ್ಲ. ಮರ ಸೀಳುವ ಸದ್ದು ಬೇರೆಲ್ಲೋ, ಅದಕ್ಕೆ ಸಂಬಂಧವಿಲ್ಲದ ಕ್ಷಣದಲ್ಲಿ, ಚಟ್ಟೆಂದು ಕೇಳುತ್ತದೆ. ತೋರು ತಾಕೆಮಿತ್ಸು ಸಂಗೀತದ ಹೆಸರಿನಲ್ಲಿ ಮಾಡಿದ್ದು ಇದನ್ನೇ: ಸದ್ದನ್ನು ಅದರ ಜಾಗದಿಂದ ಎತ್ತಿ ಬೇರೆ ಕಡೆ ಇಟ್ಟುಬಿಟ್ಟರು. ಕಣ್ಣಿಗೂ ಕಿವಿಗೂ ನಡುವೆ ಬಿದ್ದ ಆ ಬಿರುಕಿನಲ್ಲಿ ನಾನು ನಿಜವಾಗಿಯೂ ಹೆದರಿದೆ.

ಹೋಯಿಚಿಯ ಕಥೆ ಎಲ್ಲಕ್ಕಿಂತ ದೀರ್ಘವಾದದ್ದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1185ರಲ್ಲಿ ದಾನ್‌ನೊಉರಾದ ಕಡಲಯುದ್ಧದಲ್ಲಿ ಹೈಕೆ ವಂಶ ನಿರ್ನಾಮವಾಯಿತು. ಆ ಕಥೆಯನ್ನು ಬಿವಾ ಎಂಬ ತಂತಿವಾದ್ಯ ನುಡಿಸುತ್ತ ಹಾಡುವ ಕುರುಡ ಹೋಯಿಚಿಯನ್ನು, ಸತ್ತ ಹೈಕೆಗಳೇ ರಾತ್ರಿ ಕರೆದೊಯ್ದು, ತಮ್ಮ ಸಾವಿನ ಕಥೆಯನ್ನು ತಮಗೇ ಹಾಡಿಸಿಕೊಳ್ಳುತ್ತಾರೆ. ಕುರುಕ್ಷೇತ್ರದಲ್ಲಿ ಮಡಿದವರೆಲ್ಲ ಬಂದು ಸಾಲಾಗಿ ಕುಳಿತು, ಗಮಕಿಯ ಬಾಯಲ್ಲಿ ಗದುಗಿನ ಭಾರತ ಕೇಳುವುದನ್ನು ಊಹಿಸಿಕೊಳ್ಳಿ. ಕಿನ್ಶಿ ತ್ಸುರುತಾ ಅವರ ಬಿವಾದ ಒಂದೊಂದು ಮೀಟೂ ಮುಂದಿನದಕ್ಕೆ ನಮ್ಮನ್ನು ಕಾಯಿಸುತ್ತದೆ, ಹಾಗೆ ಕಾಯುವುದರಲ್ಲಿಯೇ ಭಯ ಹುಟ್ಟುತ್ತದೆ. ಈ ದೆವ್ವಗಳಿಂದ ಹೋಯಿಚಿಯನ್ನು ಉಳಿಸಲು ಭಿಕ್ಷುಗಳು ಅವನ ಮೈಮೇಲೆಲ್ಲ ಹೃದಯಸೂತ್ರವನ್ನು, ನಮ್ಮ ಸಂಸ್ಕೃತದ ಪ್ರಜ್ಞಾಪಾರಮಿತಾ ಹೃದಯದ ಚೀನೀ ಲಿಪಿಯ ರೂಪವನ್ನು, ಕುಂಚದಿಂದ ಬರೆಯುತ್ತಾರೆ, ಕಿವಿಗಳನ್ನು ಮರೆಯುತ್ತಾರೆ. ಹಳೆಯ ಡಿವಿಡಿಯಲ್ಲಿ ಈ ಅಕ್ಷರಗಳು ಮೈಗೆ ಹಚ್ಚಿದ ಮಸಿಯಂತೆ ಕಲಸಿಕೊಂಡಿದ್ದವು. ಈಗ ರೆಪ್ಪೆಯ ಮೇಲಿನ ಗೆರೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ, ಕಿವಿ ಮಾತ್ರ ಬರಿದಾಗಿರುವುದು ಯಾರೂ ಹೇಳುವ ಮೊದಲೇ ನಮ್ಮ ಕಣ್ಣಿಗೆ ಬೀಳುತ್ತದೆ.

ಚಿತ್ರದ ಬಹುಪಾಲನ್ನು ಬಳಕೆಯಲ್ಲಿಲ್ಲದ ವಿಮಾನದ ಹ್ಯಾಂಗರಿನೊಳಗೆ ಕಟ್ಟಿದ ಸೆಟ್ಟುಗಳಲ್ಲಿ ಚಿತ್ರೀಕರಿಸಿದ್ದರಿಂದ ಆಕಾಶವೂ ಕೈಯಲ್ಲಿ ಬರೆದದ್ದೇ. ಹಿಮಕನ್ಯೆಯ ಕಥೆಯ ಆಕಾಶದಲ್ಲಿ ದೊಡ್ಡ ಕಣ್ಣುಗಳಿವೆ. ಕುಂಚದ ಗುರುತುಗಳು ಇಷ್ಟು ಸ್ಪಷ್ಟವಾಗಿ ಕಂಡರೆ ಮಾಯೆ ಮುರಿಯುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಕೊಬಾಯಾಶಿ ಎಂದೂ ಅದನ್ನು ನಿಜವಾದ ಆಕಾಶವೆಂದು ನಂಬಿಸಲು ಹೊರಟವರಲ್ಲವಾದ್ದರಿಂದ ಮುರಿಯಲು ಅಲ್ಲಿ ಏನೂ ಇಲ್ಲ ಎಂಬುದು ನನ್ನ ಉತ್ತರ. ಯಕ್ಷಗಾನ ನೋಡುವ ನಮಗೆ ಇದು ಹೊಸತೇನಲ್ಲ.

ತಕರಾರು ಇಲ್ಲವೆಂದಲ್ಲ. ಬ್ಲೂ-ರೇ ಡಿಸ್ಕುಗಳನ್ನು ಮಾರಾಟದ ವಲಯಗಳಾಗಿ ಹಂಚಿದ್ದಾರೆ, ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಭಾರತ ‘ಸಿ’ ವಲಯದಲ್ಲಿದೆ, ಈ ಡಿಸ್ಕ್ ‘ಎ’ ವಲಯದ್ದು. ಹಾಗಾಗಿ ನ್ಯಾಯವಾಗಿ ದುಡ್ಡು ಕೊಟ್ಟು ತರಿಸಿದ ಡಿಸ್ಕನ್ನು ನಮ್ಮ ಮನೆಯ ಪ್ಲೇಯರ್ ಬಾಯಿಗೆ ಹಾಕಿಕೊಂಡಂತೆ ಮಾಡಿ ಉಗುಳಿತು. ಎಲ್ಲ ವಲಯಗಳಿಗೂ ಒಗ್ಗುವ ಇನ್ನೊಂದು ಯಂತ್ರ ಕೊಂಡದ್ದನ್ನು ಮನೆಯಲ್ಲಿ ನಾನಿನ್ನೂ ಪೂರ್ತಿ ಸಮರ್ಥಿಸಿಕೊಂಡಿಲ್ಲ. ಕದ್ದ ಪ್ರತಿ ನೋಡುವವನಿಗೆ ಇಲ್ಲದ ಬೀಗವನ್ನು ಕೊಂಡು ನೋಡುವವನಿಗೆ ಮಾತ್ರ ಹಾಕುವ ಈ ಪದ್ಧತಿಯನ್ನು ಯಾವ ಜಾಣ ಕಂಡುಹಿಡಿದನೋ.

ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯಲ್ಲಿ 183 ಎಂದಿರುವುದನ್ನು ನೋಡಿಕೊಂಡೇ ಕೊಳ್ಳಿ. ನೋಡಲು ಕುಳಿತ ಮೇಲೆ ರಿಮೋಟನ್ನು ಇನ್ನೊಂದು ಕೋಣೆಯಲ್ಲಿಡಿ, ಬೇಕಿದ್ದರೆ ಒಂದು ರಾತ್ರಿಗೆ ಒಂದೇ ಕಥೆ ನೋಡಿ. ಕೊನೆಯ ಕಥೆಯಲ್ಲಿ ಬಟ್ಟಲಿನ ಚಹಾದೊಳಗೆ ಅಪರಿಚಿತನ ಮುಖ ಕಾಣುತ್ತದೆ, ಕುಡಿಯಲು ಹೊರಟವನು ಚೆಲ್ಲಿ ಮತ್ತೆ ತುಂಬಿಸಿದರೂ ಅದು ಅಲ್ಲೇ ಇರುತ್ತದೆ. ಆ ರಾತ್ರಿ ಕೈಯಲ್ಲಿ ಕಾಫಿ ಹಿಡಿದು ಕೂರಬೇಡಿ.