49–0 ಒಂದೇ ಸಾಕೇ?

49 ಪಂದ್ಯಗಳಲ್ಲಿ ಒಮ್ಮೆಯೂ ಸೋಲದ ರಾಕಿ ಮಾರ್ಸಿಯಾನೊನೇ ಸಾರ್ವಕಾಲಿಕ ಶ್ರೇಷ್ಠ ಹೆವಿವೇಟ್ (ಅತಿ ಭಾರದ ವರ್ಗದ) ಬಾಕ್ಸರ್ ಎಂಬ ಲೇಖನವೊಂದರ ವಾದ ಒಪ್ಪಲಾಗದು. 1951ರಲ್ಲಿ ಅವನೆದುರು ನಿಂತ ಜೋ ಲೂಯಿಸ್‌ಗೆ ಆಗಲೇ ವಯಸ್ಸು 37, ಮರುವರ್ಷ ಎದುರಾದ ಜೆರ್ಸಿ ಜೋ ವಾಲ್ಕಾಟ್‌ಗೆ 38. ಮಾರ್ಸಿಯಾನೊನ ತೂಕವೋ ಸುಮಾರು 84 ಕೆ.ಜಿ., ಇಂದಾಗಿದ್ದರೆ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವರ್ಗ!

ಹಾಗಾದರೆ ಲೂಯಿಸ್ ಶ್ರೇಷ್ಠನೇ? ಅವನು 25 ಸಲ ವಿಶ್ವ ಪಟ್ಟ ಉಳಿಸಿಕೊಂಡವನು. ಆದರೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆದ ಮೇಲೆ ಎಡಗೈ ಇಳಿಬಿಡುತ್ತಿದ್ದ. ಜರ್ಮನಿಯ ಬಾಕ್ಸರ್ ಮ್ಯಾಕ್ಸ್ ಷ್ಮೆಲಿಂಗ್ ಅದನ್ನು ಗಮನಿಸಿಟ್ಟುಕೊಂಡು, 1936ರಲ್ಲಿ ಅದೇ ಸಂದಿಯಲ್ಲಿ ಬಲಗೈ ತೂರಿಸಿ ತೂರಿಸಿ 12ನೇ ಸುತ್ತಿನಲ್ಲಿ ಮಲಗಿಸಿದ. (1938ರಲ್ಲಿ ಲೂಯಿಸ್ ಮೊದಲ ಸುತ್ತಿನಲ್ಲೇ ಲೆಕ್ಕ ಚುಕ್ತಾ ಮಾಡಿದ, ಅದು ಬೇರೆ ಮಾತು.)

ನನ್ನ ಮತ ಮುಹಮ್ಮದ್ ಅಲಿಗೆ. ಗುದ್ದು ತಪ್ಪಿಸಲು ಕೈ ಕೆಳಗಿಟ್ಟು ತಲೆ ಹಿಂದಕ್ಕೆಳೆಯುವ ಅಪಾಯದ ಚಾಳಿ ಅವನಿಗಿತ್ತು. 1971ರಲ್ಲಿ ಜೋ ಫ್ರೇಜರ್‌ನ ಎಡ ಹುಕ್‌ಗೆ (ಬದಿಯಿಂದ ಬಾಗಿ ಬರುವ ಗುದ್ದು) ನೆಲ ಕಂಡದ್ದೂ ಹೌದು. ಆದರೂ ಚಾಂಪಿಯನ್‌ಗಳಾದ ಸೋನಿ ಲಿಸ್ಟನ್, ಫ್ರೇಜರ್, ಜಾರ್ಜ್ ಫೋರ್‌ಮನ್ ಮೂವರನ್ನೂ ಸೋಲಿಸಿದವನು ಇನ್ನೊಬ್ಬನಿಲ್ಲ. ಅದರಲ್ಲೂ ಕೊನೆಯ ಇಬ್ಬರನ್ನು, ಮೂರೂವರೆ ವರ್ಷ ರಿಂಗ್‌ನಿಂದ ಹೊರಗಿದ್ದು ಬಂದ ಮೇಲೆ.