ಅಪ್ಪನಿಗೆ ಶುಗರ್ ಇದ್ದರೆ ಮಕ್ಕಳಿಗೂ ಬಂದೇ ಬರುತ್ತಾ? ಸತ್ಯಾಂಶ

"ಶುಗರ್ ರಕ್ತದಲ್ಲೇ ಬರುತ್ತೆ, ಪಥ್ಯ ಮಾಡಿ ಪ್ರಯೋಜನ ಇಲ್ಲ." ಮನೆಮಂದಿಯ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುವ ಮಾತಿದು. ಅರ್ಧ ಮಾತ್ರ ನಿಜ. ಮನೆಯಲ್ಲಿ ಯಾರಿಗಾದರೂ ಇದ್ದರೆ ಅಪಾಯ ಜಾಸ್ತಿ, ಆದರೆ ಬಂದೇ ಬರುತ್ತೆ ಅಂತಿಲ್ಲ.

ಇದನ್ನು ಬಿಡಿಸಿ ನೋಡುವ ಕೆಲಸ ಮೈಸೂರಿನಲ್ಲೇ ನಡೆದಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅದೇ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಸಂಶೋಧಕರು ಆ ಹಳೇ ದಾಖಲೆ ಹಿಡಿದು, ಬೆಳೆದು ದೊಡ್ಡವರಾದವರನ್ನು ಹುಡುಕಿ, ಶುಗರ್ ಇದೆಯಾ ಅಂತ ಪರೀಕ್ಷಿಸಿದರು. 1997ರಲ್ಲಿ ಇಲ್ಲೇ ಶುರುವಾದ ಪಾರ್ಥೆನಾನ್ ಅಧ್ಯಯನ ಬಸುರಿಯರಿಂದಲೇ ಆರಂಭಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಬಸುರಿನಲ್ಲಿ ತಾಯಿಗೆ ಶುಗರ್ ಇದ್ದ ಮಕ್ಕಳಲ್ಲಿ 9-10 ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚು ಕಂಡಿತು.

ಒಂದು ಮನೆಯವರು ಬರೀ ರಕ್ತ ಹಂಚಿಕೊಳ್ಳಲ್ಲ, ಅಲ್ವಾ? ಒಂದೇ ಒಲೆ, ಒಂದೇ ತಟ್ಟೆ ಅನ್ನ, ಟಿವಿ ಮುಂದೆ ಅದೇ ಸೋಫಾ. ಅದಕ್ಕೇ ರಕ್ತದ ವರದಿಯ ಜೊತೆ ಊಟ, ನಿದ್ದೆ, ನಡಿಗೆಯ ವಿವರವನ್ನೂ ಕೂಡಿಸಬೇಕು. ಸುಮ್ನೆ ಒಂದನ್ನೇ ನೋಡಿದರೆ ವಂಶ ಯಾವುದು, ಅಭ್ಯಾಸ ಯಾವುದು ಗೊತ್ತಾಗಲ್ಲ. ಮನೆಯಲ್ಲಿ ಶುಗರ್ ಇದ್ದವರು ಪಥ್ಯ ಬಿಡುವುದಲ್ಲ, ಬೇಗನೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.