ಕೋಜಿಯ ಗೋಜಿಗೆ ಹೋಗಿ

ನಮ್ಮ ಮನೆಯ ಹಾಲ್‌ನಲ್ಲಿ ಎಲೆ ಉದುರಿವೆ. ಕೆಂಪು, ಹಳದಿ, ಕಂದು. ಬಾಗಿಲು ತೆರೆದು ಹೊರಗೆ ನೋಡಿದರೆ ಎಲ್ಲ ಹಸಿರು. ಮಳೆ ಈಗಷ್ಟೇ ಬಿಟ್ಟಿದೆ. ಬೇಲಿಯ ಜಾಲಿ ಕೂಡ ಮದುಮಗನ ಹಾಗೆ ನಿಂತಿದೆ. ಊರು ದಾಟಿದರೆ ತೊಗರಿ ಎದೆಮಟ್ಟ ಬೆಳೆದು ಹೂ ಬಿಡುವ ತಯಾರಿಯಲ್ಲಿದೆ. ಇಡೀ ಕಲಬುರಗಿಯಲ್ಲಿ ಎಲೆ ಉದುರಿದ್ದು ನಮ್ಮ ಸೋಫಾದ ಮುಂದೆ ಮಾತ್ರ. ಅದೂ ಪ್ಯಾಕೆಟ್ಟಿಗೆ ಮುನ್ನೂರು ರೂಪಾಯಿ ಕೊಟ್ಟು ನಾವೇ ಉದುರಿಸಿದ್ದು.

ಇದಕ್ಕೆಲ್ಲ ಕಾರಣ ನಮ್ಮ ಬಡಾವಣೆಯ ಸಂಘ. ಪ್ರತಿ ದಸರೆಗೆ ರಂಗೋಲಿ ಸ್ಪರ್ಧೆ ಇಡುತ್ತಿದ್ದರು. ಈ ಸಲ ಯಾರೋ ಮೊಬೈಲ್‌ನಲ್ಲಿ ಅಮೆರಿಕದ ಮನೆಗಳ ವಿಡಿಯೋ ನೋಡಿಬಿಟ್ಟರು. ಮರುದಿನವೇ ವಾಟ್ಸಾಪ್‌ನಲ್ಲಿ ಬಂತು: "ಶರತ್ಕಾಲದ ಕೋಜಿ ಮನೆ ಸ್ಪರ್ಧೆ." ಮನೆ ಬೆಚ್ಚಗೆ ಕಾಣಬೇಕಂತೆ. ಮೊದಲ ಬಹುಮಾನ ಒಂದು ಏರ್‌ಕೂಲರ್. ಓದಿ ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ನಮ್ಮ ಹಳೇ ಕೂಲರ್ ಹೋದ ಮೇ ತಿಂಗಳಲ್ಲೇ ಕೈಕೊಟ್ಟಿತ್ತು.

"ಕೋಜಿ ಅಂದ್ರ ಯಾರೋ? ಖಾಜಿ ಸಾಹೇಬ್ರಾ?" ಅಂತ ನಮ್ಮ ಅವ್ವ ಕೇಳಿದಳು.

"ಅಲ್ಲವ್ವಾ. ಮನಿ ಬೆಚ್ಚಗ, ಹಿತ ಅನಸಬೇಕು. ಅದಕ್ಕ ಕೋಜಿ ಅಂತಾರ."

"ಅಷ್ಟೇನಾ? ಫ್ಯಾನ್ ಬಂದ್ ಮಾಡು. ತಾನೇ ಬೆಚ್ಚಗಾಗ್ತದ."

ಅವ್ವ ಹುಟ್ಟಿದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ನಮ್ಮ ಕಡೆ ಮನೆ ಕಟ್ಟುವುದು ಅಂದರೇ ಬಿಸಿಲನ್ನು ಹೊಸ್ತಿಲಾಚೆ ನಿಲ್ಲಿಸುವುದು. ಆನೆ ಒದ್ದರೂ ಅಲುಗದ ಗೋಡೆ, ಗೂಡಿನಷ್ಟೇ ಕಿಟಕಿ, ಕೆಳಗೆ ಶಹಾಬಾದ್ ಕಲ್ಲಿನ ಪರ್ಸಿ. ಮೇ ತಿಂಗಳ 42-43 ಡಿಗ್ರಿಯಲ್ಲಿ ಮಧ್ಯಾಹ್ನ ಆ ಪರ್ಸಿಗೆ ಬೆನ್ನು ಹಚ್ಚಿ ಮಲಗಿದವರಿಗೆ ಅದರ ಸುಖ ಗೊತ್ತು. ಅದನ್ನು ಕಿತ್ತು ನಾವು ಟೈಲ್ಸ್ ಹಾಕಿಸಿದೆವು. ಟೈಲ್ಸ್ ತಣ್ಣಗೆ ಕಾಣುತ್ತವೆ ಅಂತ ಈಗ ಅದರ ಮೇಲೆ ಕುರಿಯ ಮೈಯಂಥ ಕಾರ್ಪೆಟ್ ಹಾಸಿದ್ದೇವೆ. ಅಕ್ಟೋಬರ್ ಹಗಲು ಇನ್ನೂ 32ರ ಆಸುಪಾಸಿನಲ್ಲಿದೆ. ಕಾರ್ಪೆಟ್ ಮೇಲೆ ಕಾಲಿಟ್ಟರೆ ಅಂಗಾಲು ಬೆವರುತ್ತದೆ.

ನಮ್ಮ ಹಾಲ್‌ನ ಎಲೆಗಳ ಮೂಲ, ಅಮೆರಿಕದ ಮೇಪಲ್ ಮರದ ಮೇಲೆ ನನಗೇನೂ ಸಿಟ್ಟಿಲ್ಲ. ಅಲ್ಲಿ ಹಗಲು ಕಿರಿದಾಗಿ ಚಳಿ ಏರುತ್ತಲೇ ಎಲೆಯ ಹಸಿರು ಕರಗುತ್ತದೆ. ಅಡಗಿದ್ದ ಹಳದಿ ಹೊರಬರುತ್ತದೆ, ಕೆಂಪು ಹೊಸದಾಗಿ ಕೂಡುತ್ತದೆ, ಆಮೇಲೆ ಎಲೆ ಬೀಳುತ್ತದೆ. ಮುಂದೆ ಹಿಮದ ತಿಂಗಳುಗಳಿವೆ ಅಂತ ಮರ ತನ್ನ ಖರ್ಚು ಕಡಿಮೆ ಮಾಡಿಕೊಳ್ಳುವ ರೀತಿ ಅದು. ಆ ಜನ ಕಂಬಳಿ ಹೊದ್ದು ಬೆಂಕಿ ಮುಂದೆ ಕೂತರೆ ಅದರಲ್ಲಿ ಅರ್ಥವಿದೆ. ನಮ್ಮಲ್ಲಿ ಪಂಚಾಂಗದ ಪ್ರಕಾರ ಶರದೃತು ಆಶ್ವೀಜ, ಕಾರ್ತಿಕದಲ್ಲಿ. ಆದರೆ ಎಲೆ ಉದುರುವುದು ಶಿಶಿರದಲ್ಲಿ, ನೆಲದ ಹಸಿ ಆರಿದ ಮೇಲೆ. ಮಾಘ, ಫಾಲ್ಗುಣದಲ್ಲಿ ಬೇವು ಎಲೆ ಉದುರಿಸಿಕೊಂಡು ಯುಗಾದಿಯ ಹೊತ್ತಿಗೆ ಮತ್ತೆ ಚಿಗುರಿರುತ್ತದೆ.

ನಮ್ಮ ಬಡಾವಣೆಯಲ್ಲೂ ಚಿಗುರುತ್ತಿತ್ತು. ಹೋದ ಫಾಲ್ಗುಣದಲ್ಲಿ ಸಂಘದವರು ಅದನ್ನು ಕಡಿಸಿದರು. ಠರಾವಿನಲ್ಲಿ ಕಾರಣ ಬರೆದಿದೆ: "ಎಲೆ ಉದುರಿ ಗಲೀಜಾಗುತ್ತದೆ." ಆ ಠರಾವಿಗೆ ಮೊದಲ ಮೂರು ಸಹಿ ಹಾಕಿದವರೇ ಈಗ ಈ ಸ್ಪರ್ಧೆಯ ತೀರ್ಪುಗಾರರು. ಏಳನೆಯ ಸಹಿ ನನ್ನದು.

ತಯಾರಿ ಜೋರಾಗಿಯೇ ನಡೆಯಿತು. ಕೇಸರಿ ಬಣ್ಣದ ಕುಂಬಳಕಾಯಿ ಕಡ್ಡಾಯ ಅಂದಿದ್ದರು, ತಂದೆವು. ಅವ್ವ ಅದನ್ನು ಮಧ್ಯಾಹ್ನವೇ ಹೆಚ್ಚಿ ಪಲ್ಯ ಮಾಡಿದಳು. ರೊಟ್ಟಿ ಜೊತೆ ಚೆನ್ನಾಗಿತ್ತು. ದಾಲ್ಚಿನ್ನಿ ವಾಸನೆಯ ಮೇಣದಬತ್ತಿ ಹಚ್ಚಿದೆವು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ, "ನವರಾತ್ರಿ ಮುಗಿಯೂತನಕನಾದ್ರೂ ತಡೀಬೇಕಿತ್ತಲ್ರಿ, ಬಿರಿಯಾನಿಗೆ ಇಷ್ಟು ಅವಸರ ಏನು?" ಅಂದರು. ಟಿವಿಯಲ್ಲಿ ನನ್ನ ಮಗಳು ಬೆಂಕಿ ಹಚ್ಚಿದಳು. ಹತ್ತು ತಾಸಿನ ವಿಡಿಯೋ ಅದು, ಕಟ್ಟಿಗೆ ಚಟಪಟ ಉರಿಯುತ್ತಲೇ ಇರುತ್ತದೆ. ನಮ್ಮ ತೊಗರಿ ಕಟ್ಟಿಗೆ ಒಲೆಗೆ ತುಂಬಿದರೂ ಅದೇ ಸದ್ದು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. ಕಟ್ಟಿಗೆಯನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ, ಪಾಪ.

ವಿಜಯದಶಮಿಯ ಸಂಜೆ ತೀರ್ಪುಗಾರರು ಏಳಕ್ಕೆ ಬರುವವರಿದ್ದರು. ಆರೂವರೆಗೆ ಬನ್ನಿ ಕೊಡಲು ನನ್ನ ಸೋದರಮಾವ ಬಂದರು. ಅಫಜಲಪುರದ ಕಡೆ ಭೀಮಾ ದಂಡೆಯ ಊರು ಅವರದು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕಾರ್ಪೆಟ್ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಯಾವುದೋ ಪ್ರಾಣಿ ಮಲಗಿದೆ ಅಂದುಕೊಂಡರಂತೆ. ಆಮೇಲೆ ಸೋಫಾದ ಅಂಚಿನಲ್ಲಿ ಕೂತು ಟಿವಿಯ ಬೆಂಕಿಯನ್ನು ಬಹಳ ಹೊತ್ತು ನೋಡಿದರು. ತಲೆ ಮೇಲೆ ಫ್ಯಾನ್ ಐದರಲ್ಲಿ ತಿರುಗುತ್ತಿತ್ತು.

"2020ರಾಗ ಹೊಳಿ ಬಂದಾಗ ನಾವೂ ಹಿಂಗೇ ಒಳಗ ಬೆಂಕಿ ಹಾಕಿದ್ವಿ" ಅಂದರು. "ಗ್ವಾಡಿ ಒಣಗಸ್ಲಕ್ಕ. ತಿಂಗಳ ಹಿಡೀತು. ಅಳಿಯಾ, ನಿನ್ನ ಗ್ವಾಡಿ ಎಷ್ಟು ತೊಯ್ದದ?"

ಏನು ಹೇಳಲಿ? ಆ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಮಳೆ, ಉಜನಿ ಜಲಾಶಯದ ನೀರು ಎಲ್ಲ ಸೇರಿ ಭೀಮೆ ಉಕ್ಕಿದಾಗ ಮಾವ ದಸರೆ ಮಾಡಿದ್ದು ಕಾಳಜಿ ಕೇಂದ್ರದಲ್ಲಿ. ಒಣ ಗೋಡೆಯ ಮನೆಯಲ್ಲಿ, ಸೆಕೆಯಲ್ಲಿ, ಸುಮ್ನೆ ಚೆಂದಕ್ಕೆ ಬೆಂಕಿ ಹಾಕಿದ್ದೇವೆ ಅಂತ ಅವರಿಗೆ ಹೇಳಲು ನನ್ನ ಬಾಯಿ ಏಳಲಿಲ್ಲ. "ಸ್ವಲ್ಪ ತೊಯ್ದದ ಮಾವಾ" ಅಂದೆ.

ಅಷ್ಟರಲ್ಲಿ ಮಾವ ಬನ್ನಿ ಎಲೆ ತೆಗೆದು ಅವ್ವನ ಕೈಗೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂದರು. ಅವ್ವನ ಕಣ್ಣು ಈಗ ಅಷ್ಟಕ್ಕಷ್ಟೇ. ತಿರುಗಿ ಕೊಡಲು ನೆಲದ ಮೇಲಿದ್ದ ಎರಡು ಎಲೆ ಎತ್ತಿ ತಮ್ಮನ ಕೈಗಿಟ್ಟಳು. ಮಾವ ಮೇಪಲ್ ಎಲೆಯನ್ನು ದೀಪಕ್ಕೆ ಹಿಡಿದು ಹಿಂದೆ ಮುಂದೆ ನೋಡಿದರು, ಉಗುರಿನಿಂದ ಕೆರೆದರು.

"ಅಕ್ಕಾ, ಇದು ರೋಲ್ಡ್‌ಗೋಲ್ಡ್ ಅದ."

ಏಳು ಗಂಟೆಗೆ ಸರಿಯಾಗಿ ಕರೆಂಟ್ ಹೋಯಿತು. ಟಿವಿಯ ಬೆಂಕಿ ಆರಿತು, ಆರಿದ ಮೇಲೆ ನಿಜವಾದ ಸೆಕೆ ಶುರುವಾಯಿತು. ತೀರ್ಪುಗಾರರು ಬಾಗಿಲಲ್ಲೇ ನಿಂತು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಕತ್ತಲಾಗ ಕೋಜಿ ಕಾಣಂಗಿಲ್ರಿ. ಮುಂಜಾನಿ ಹತ್ತಕ್ಕ ಬರ್ತೀವಿ" ಅಂತ ಹೇಳಿ ಹೋದರು. ನಾವೆಲ್ಲ ಮಾಳಿಗೆ ಹತ್ತಿ ಗಾಳಿಗೆ ಮಲಗಿದೆವು. ರಾತ್ರಿ ತಂಪಾದಾಗ ಅವ್ವ ತನ್ನ ಕೌದಿ ತಂದು ಮಾವನ ಮೇಲೆ ಹಾಕಿದಳು. ಹಳೇ ಸೀರೆಯ ತುಂಡುಗಳ ಆ ಕೌದಿ ಹಾಲ್‌ನಲ್ಲಿ ಕಾಣಬಾರದು ಅಂತ ನಾನೇ ಟ್ರಂಕಿಗೆ ಹಾಕಿಸಿದ್ದೆ.

ಬೆಳಿಗ್ಗೆ ಎಚ್ಚರವಾಗಿ ಕೆಳಗೆ ಬಂದೆ. ಹಾಲ್ ಲಕಲಕ ಹೊಳೆಯುತ್ತಿತ್ತು, ಒಂದು ಎಲೆಯೂ ಇಲ್ಲ. ಕೆಲಸಕ್ಕೆ ಬರುವ ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಎಷ್ಟು ಗಲೀಜು ಮಾಡಿದ್ರಿ ಅಣ್ಣಾರ, ಎಲ್ಲಾ ಕಸದ ಗಾಡಿಗೆ ಹಾಕ್ದೆ" ಅಂದಳು.

ಲುಂಗಿಯಲ್ಲೇ ಓಡಿದೆ. ಮೂರನೇ ತಿರುವಿನಲ್ಲಿ ಗಾಡಿ ಸಿಕ್ಕಿತು.

"ಎಲಿ ಹೋಗ್ಯಾವ, ಎಲಿ!" ಅಂದೆ, ಏದುಸಿರು ಬಿಡುತ್ತ.

"ಹಸಿದೋ, ಒಣದೋ?"

"ಒಣ ಎಲಿ... ಅಂದ್ರ ಪ್ಲಾಸ್ಟಿಕ್. ಒಣಗಿದಂಗ ಕಾಣ್ತಾವ."

ಆತ ನನ್ನನ್ನು ಒಮ್ಮೆ, ಲುಂಗಿಯನ್ನು ಒಮ್ಮೆ ನೋಡಿದ. ಗಾಡಿಯ ಹಿಂದೆ ಹೋಗಿ ಮೂರು ದೊಡ್ಡ ಚೀಲ ಇಳಿಸಿ ಬಾಯಿ ಬಿಚ್ಚಿದ. ಕೆಂಪು, ಹಳದಿ, ಕಂದು.

"ನಿಮ್ಮ ಓಣಿಯಾಗ ಎಲ್ಲಾ ಮನಿಯಿಂದ ಇವೇ ಬಂದಾವ್ರೀ. ನಿಮ್ಮವು ಯಾವ್ವು, ಆರಿಸ್ಕೋರಿ."